ಡ್ಯಾಫೊಡಿಲ್ ಹೂಗಳು ‘ಹೋಸ್ಟ್’ ಆದದ್ದು ಹೇಗೆ?

ಪ್ರಶ್ನೆ: ಮಗಳಿಗೆ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಪದ್ಯ ಓದಿಸುವಾಗ ‘ಹೋಸ್ಟ್’ ಎಂಬ ಪದದ ಹತ್ತಿರ ನಿಂತುಬಿಟ್ಟೆ. ಹೋಸ್ಟ್ ಎಂದರೆ ಆತಿಥೇಯ, ಕಾರ್ಯಕ್ರಮ ನಡೆಸಿಕೊಡುವವರು ಎಂದಷ್ಟೇ ಗೊತ್ತು. ಹೂಗಳು ಯಾರಿಗೆ ಆತಿಥ್ಯ ಮಾಡುತ್ತಿದ್ದವು?

ಉತ್ತರ: ಅಲ್ಲಿರುವ ಹೋಸ್ಟ್ ಬೇರೆಯದೇ ಪದ. ಅದರ ಹಳೆಯ ಅರ್ಥ ಸೈನ್ಯ. ಕನ್ನಡದಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಮಾತಿದೆ: ದಂಡು.

ದಂಡು ಎಂದರೆ ಮೊದಲು ಸೇನೆ. ದಂಡನಾಯಕ, ದಂಡಯಾತ್ರೆ ಎಲ್ಲ ಆ ಬಳಗದವೇ. ಆದರೆ ಜಾತ್ರೆಗೆ ಜನ ದಂಡುದಂಡಾಗಿ ಬಂದರು, ಬೆಲ್ಲದ ಡಬ್ಬಿಗೆ ಇರುವೆ ದಂಡೇ ಮುತ್ತಿತ್ತು ಎನ್ನುವಾಗ ಯಾರ ಕಣ್ಣಿಗೂ ಕತ್ತಿ ಗುರಾಣಿ ಬರುವುದಿಲ್ಲ. ಎಣಿಸಲಾಗದಷ್ಟು ಜನ, ಎಣಿಸಲಾಗದಷ್ಟು ಇರುವೆ, ಅಷ್ಟೇ. ಹೋಸ್ಟ್ ಕೂಡ ಇದೇ ದಾರಿಯಲ್ಲಿ ಬಂದಿದೆ. ಇನ್ನೂ ಸೊಗಸಾದ ಸಾಮ್ಯ ಒಂದಿದೆ. ನಮ್ಮಲ್ಲಿ ಸೇನೆಯೂ ದಂಡೇ, ಅದು ಬೀಡುಬಿಟ್ಟ ಜಾಗವೂ ದಂಡೇ. ಬ್ರಿಟಿಷ್ ಸೇನೆ ನೆಲೆಸಿದ್ದ ಬೆಂಗಳೂರಿನ ಕಂಟೋನ್ಮೆಂಟು ಇಂದಿಗೂ ದಂಡು. 1611ರ ಇಂಗ್ಲಿಷ್ ಬೈಬಲ್ಲಿನ ಯೆಹೋಶುವನ ಪುಸ್ತಕದಲ್ಲಿ ಅಧಿಕಾರಿಗಳಿಗೆ ‘ಪಾಳೆಯದ ನಡುವೆ ಹಾದುಹೋಗಿ’ ಎಂದು ಅಪ್ಪಣೆಯಾಗುವ ಕಡೆ ಬಳಕೆಯಾಗಿರುವುದು ಇದೇ ಹೋಸ್ಟ್. ಸೇನೆಗೂ ಅದೇ ಪದ, ಪಾಳೆಯಕ್ಕೂ ಅದೇ.

ಇಂಗ್ಲಿಷರ ಕಿವಿಯಲ್ಲಿ ಈ ಪದ ಗಟ್ಟಿಯಾಗಿ ಉಳಿದದ್ದೇ ಬೈಬಲ್ಲಿನಿಂದ. ಹೀಬ್ರೂ ಭಾಷೆಯ ‘ತ್ಸೆವಾಓತ್’, ಅಂದರೆ ಸೇನೆಗಳು, ಇಂಗ್ಲಿಷಿನಲ್ಲಿ ಹೋಸ್ಟ್ಸ್ ಆಯಿತು. ದೇವರು ಲಾರ್ಡ್ ಆಫ್ ಹೋಸ್ಟ್ಸ್. ಕನ್ನಡ ಬೈಬಲ್ ಇದನ್ನು ‘ಸೇನಾಧೀಶ್ವರ’ ಎಂದಿತು. ಅರ್ಥವನ್ನು ಒಂದಿಷ್ಟೂ ತೆಳುವಾಗಿಸದ ಅನುವಾದ ಅದು. ಅದೇ ಬೈಬಲ್ಲಿನಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳು ಆಕಾಶದ ಹೋಸ್ಟ್. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕವಿಗಳಲ್ಲಿ ಬೈರನ್ 1815ರಲ್ಲಿ ಪ್ರಕಟಿಸಿದ, ಅಸ್ಸೀರಿಯದ ದೊರೆ ಸನ್ಹೇರೀಬನ ನಾಶದ ಕವಿತೆಯನ್ನು ನೋಡಬೇಕು. ಸಂಜೆ ಬಾವುಟ ಹಿಡಿದು ನಿಂತ ಹೋಸ್ಟ್ ಬೇಸಿಗೆಯ ಕಾಡಿನ ಹಸಿರೆಲೆಗಳಂತೆ ಕಾಣುತ್ತದೆ. ಮರುದಿನ ಅದೇ ಹೋಸ್ಟ್ ಉದುರಿದ ತರಗೆಲೆಯಂತೆ ಬಿದ್ದಿರುತ್ತದೆ. ಬೈರನ್ ಸೈನ್ಯವನ್ನು ಎಲೆಗಳಾಗಿ ಕಂಡ, ವರ್ಡ್ಸ್‌ವರ್ತ್ ಹೂಗಳನ್ನು ಸೈನ್ಯವಾಗಿ ಕಂಡ.

ಹಾಗಾದರೆ ಆತಿಥೇಯ ಎಲ್ಲಿಂದ ಬಂದ? ಸೈನ್ಯದ ಹೋಸ್ಟ್ ಲ್ಯಾಟಿನ್ನಿನ ‘ಹೋಸ್ಟಿಸ್’ನಿಂದ ಹಳೆಯ ಫ್ರೆಂಚ್ ಮೂಲಕ ಬಂದದ್ದು. ಹೋಸ್ಟಿಸ್ ಎಂದರೆ ಶತ್ರು. ಮಧ್ಯಯುಗದ ಹೊತ್ತಿಗೆ ಸೈನ್ಯ. ಆದರೆ ತಮ್ಮ ಪೂರ್ವಿಕರು ಪರಸ್ಥಳದವನನ್ನು ಹೋಸ್ಟಿಸ್ ಎನ್ನುತ್ತಿದ್ದರೆಂದು ರೋಮಿನ ಸಿಸೆರೊ ಬರೆದಿದ್ದಾನೆ. ಇಂಗ್ಲಿಷಿನ ಗೆಸ್ಟ್ ಕೂಡ ಇದೇ ಬೇರಿನದು. ಒಂದು ಕೊಂಬೆಯಲ್ಲಿ ಹೊರಗಿನವನು ಶತ್ರುವಾದ, ಇನ್ನೊಂದರಲ್ಲಿ ಅತಿಥಿಯಾದ. ಆತಿಥೇಯನ ಹೋಸ್ಟ್‌ಗೆ ಮೂಲ ‘ಹೋಸ್ಪೆಸ್’; ಆ ಬೇರಿನ ಜೊತೆಗೆ ಒಡೆಯ ಎಂಬ ಅರ್ಥದ ತುಣುಕು ಸೇರಿ ಆದ ಪದ. ಆ ತುಣುಕು ಸಂಸ್ಕೃತದ ‘ಪತಿ’ಗೆ ಸೋದರ. ಅಥರ್ವವೇದವೂ ಆತಿಥೇಯನನ್ನು ‘ಅತಿಥಿಪತಿ’ ಎಂದೇ ಕರೆಯುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಎಲ್ಲವೂ ಹೋಸ್ಪೆಸ್ ಮನೆಯವೇ. ಇನ್ನು ಚರ್ಚಿನಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿಗೂ ಹೋಸ್ಟ್ ಎನ್ನುತ್ತಾರೆ. ಅದು ಬಲಿ ಎಂಬರ್ಥದ ‘ಹೋಸ್ಟಿಯಾ’ದಿಂದ ಬಂದದ್ದು.

ಪದ್ಯಕ್ಕೆ ಮರಳೋಣ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ತಂಗಿ ಡೊರೊಥಿಯ ಜೊತೆ ನಡೆಯುವಾಗ ವರ್ಡ್ಸ್‌ವರ್ತ್ ಆ ಹೂಗಳನ್ನು ಕಂಡ. ನೀರಿನಂಚಿನುದ್ದಕ್ಕೂ ಹಬ್ಬಿದ್ದ ಅವನ್ನು ಡೊರೊಥಿ ತನ್ನ ದಿನಚರಿಯಲ್ಲಿ ಬಣ್ಣಿಸಿದ್ದಾಳೆ. 1807ರಲ್ಲಿ ಅಚ್ಚಾದ ಪದ್ಯದಲ್ಲಿ ಅದು ‘ಕುಣಿಯುವ’ ಹೂಗಳ ಹೋಸ್ಟ್. 1815ರಲ್ಲಿ ಕವಿ ತಿದ್ದಿ ‘ಹೊಂಬಣ್ಣದ’ ಎಂದ. ಅದೇ ವರ್ಷ ಪದ್ಯಕ್ಕೆ ಒಂದು ಹೊಸ ಚರಣವನ್ನೂ ಸೇರಿಸಿದ. ಅದರಲ್ಲಿ ಹೂಗಳು ಕ್ಷೀರಪಥದ ನಕ್ಷತ್ರಗಳಂತೆ ಕೊನೆಯಿಲ್ಲದ ಸಾಲಾಗಿ ಹರಡಿವೆ. ಆಕಾಶದ ಹೋಸ್ಟ್ ಎಂದರೆ ನಕ್ಷತ್ರಗಳೆಂದು ಬಾಲ್ಯದಿಂದ ಕೇಳಿ ಬೆಳೆದ ಓದುಗನಿಗೆ ಈ ಹೋಲಿಕೆ ಹೊಸದಾಗಿ ಕಂಡಿರಲಾರದು. ಹೋಸ್ಟ್ ಎಂದಾಗಲೇ ಅವನಿಗೆ ನಕ್ಷತ್ರದ ಹೊಳಪು ಕಂಡಿರುತ್ತದೆ.

ಮಗಳಿಗೆ ಹೇಳುವಾಗ ದಯವಿಟ್ಟು ‘ರಾಶಿ’ ಎನ್ನಬೇಡಿ. ರಾಶಿ ಬಿದ್ದಿರುತ್ತದೆ, ಈ ಹೂಗಳು ಎದ್ದು ನಿಂತಿವೆ. ಕವಿ ಮೊದಲು ‘ಕ್ರೌಡ್’ ಎಂದು, ಅದು ಸಾಲದೆನಿಸಿದವನಂತೆ ಮರುಸಾಲಿನಲ್ಲಿ ‘ಹೋಸ್ಟ್’ ಎನ್ನುತ್ತಾನೆ. ಹಾಗೇ ಓದಿ: ಒಂದು ಗುಂಪು ಕಂಡೆ, ಹೂವಿನ ದಂಡೇ ಕಂಡೆ.