ಕಾರ್ಬನ್ ತೆರಿಗೆ ಬಂದರೆ ಬೋರ್‌ವೆಲ್ ಕರೆಂಟಿಗೂ ದುಡ್ಡು ಕಟ್ಟಬೇಕಾ?

ಓದುಗರ ಪ್ರಶ್ನೆ: ಕೋಲಾರದ ಹತ್ತಿರ ನಮ್ಮದು ಎರಡು ಎಕರೆ ಟೊಮೆಟೊ, ಬೋರ್‌ನಲ್ಲಿ ನೀರು ಸಾವಿರ ಅಡಿಯಲ್ಲಿದೆ. ಕಾರ್ಬನ್ ತೆರಿಗೆ ಬರುತ್ತೆ, ಉಚಿತ ಕರೆಂಟ್ ನಿಲ್ಲುತ್ತೆ, ಈಗಲೇ ಸೋಲಾರ್ ಪಂಪ್ ಹಾಕಿಸಿಕೊಳ್ಳಿ ಅಂತ ಏಜೆಂಟರು ಹೇಳುತ್ತಿದ್ದಾರೆ. ನಂಬಬಹುದಾ?

ಉತ್ತರ: ಏಜೆಂಟರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟಿ ಹೆದರಿಸುತ್ತಿದ್ದಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತವಾಗಿರುವುದು ರಾಜ್ಯ ಸರ್ಕಾರದ ತೀರ್ಮಾನ. ಆ ದುಡ್ಡನ್ನು ಸರ್ಕಾರ ಬೆಸ್ಕಾಂಗೆ ಸಹಾಯಧನವಾಗಿ ತುಂಬಿಕೊಡುತ್ತದೆ. ಅದು ಮುಂದುವರಿಯುವುದೂ ನಿಲ್ಲುವುದೂ ಬಜೆಟ್‌ನಲ್ಲಿ ಆಗುವ ಮಾತು, ಕಾರ್ಬನ್ನಿಗೂ ಅದಕ್ಕೂ ನೇರ ನಂಟಿಲ್ಲ.

ಕಾರ್ಬನ್ ತೆರಿಗೆ ಅಂದರೆ ಕಲ್ಲಿದ್ದಲು, ಡೀಸೆಲ್‌ನಂಥ ಇಂಧನ ಸುಟ್ಟಾಗ ಹೊರಬರುವ ಇಂಗಾಲದ ಮೇಲಿನ ತೆರಿಗೆ. ಭಾರತದಲ್ಲಿ ರೈತರ ಮೇಲೆ ಆ ಹೆಸರಿನ ತೆರಿಗೆಯೇ ಇಲ್ಲ. ಅದಕ್ಕೆ ಹತ್ತಿರದ್ದು ಕಲ್ಲಿದ್ದಲಿನ ಸೆಸ್. 2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಶುರುವಾಗಿ 2016ಕ್ಕೆ 400 ರೂಪಾಯಿ ಮುಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ ಶೇ 18ಕ್ಕೆ ಏರಿಸಿದರು. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು ಎಂದುಕೊಂಡರೆ, ಆ 400 ರೂಪಾಯಿ ಸೆಸ್ ಯೂನಿಟ್ಟಿಗೆ 28 ಪೈಸೆ ಬೀಳುತ್ತಿತ್ತು. ಉಚಿತ ಕರೆಂಟಿನ ಪಂಪ್‌ಸೆಟ್ ಇರುವವರಿಗೆ ಅದು ಬಿಲ್ಲಿನಲ್ಲಿ ಕಾಣಿಸಿಯೇ ಇಲ್ಲ.

ನಿಮಗೆ ನಿಜವಾಗಿ ತಟ್ಟುವುದು ಡೀಸೆಲ್. ಕೇಂದ್ರದ ಅಬಕಾರಿ ಸುಂಕದ ಮೇಲೆ ರಾಜ್ಯದ ಮಾರಾಟ ತೆರಿಗೆ, ಅದೂ 2025ರ ಏಪ್ರಿಲ್‌ನಲ್ಲಿ ಶೇ 18.44ರಿಂದ ಶೇ 21.17ಕ್ಕೆ ಏರಿತು. ಉಳುಮೆಯ ಬಾಡಿಗೆಯಲ್ಲಿ, ಎಪಿಎಂಸಿಯಿಂದ ದೂರದೂರಿಗೆ ಹೋಗುವ ಟೊಮೆಟೊ ಬಾಕ್ಸಿನ ಲಾರಿ ಬಾಡಿಗೆಯಲ್ಲಿ ಅದು ಸೇರಿಕೊಂಡೇ ಬರುತ್ತದೆ. ಕಾರ್ಬನ್ ಹೆಸರಿಲ್ಲದ ಕಾರ್ಬನ್ ತೆರಿಗೆ ಅಂದರೂ ತಪ್ಪಲ್ಲ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಆದರೆ ಮೂಟೆಯ ಬೆಲೆ ಸರ್ಕಾರ ಕಟ್ಟಿಹಾಕಿದ್ದರಿಂದ ಅನಿಲದ ಏರಿಳಿತ ನಿಮ್ಮವರೆಗೆ ಬರುವುದಿಲ್ಲ. ಯುರೋಪ್ 2026ರ ಜನವರಿ 1ರಿಂದ ಗಡಿಯಲ್ಲಿ ಹೇರಿರುವ ಕಾರ್ಬನ್ ಸುಂಕ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರದಂಥವಕ್ಕೆ. ಚಿಕ್ಕಬಳ್ಳಾಪುರದ ದ್ರಾಕ್ಷಿಗಾಗಲಿ, ತುಮಕೂರಿನ ಮಿಡಿಸೌತೆಗಾಗಲಿ ಅದು ಅನ್ವಯಿಸುವುದಿಲ್ಲ.

ಇನ್ನು ಸೋಲಾರ್ ಪಂಪ್. ಇಲ್ಲಿ ಲೆಕ್ಕ ಹಾಕದೆ ಸಹಿ ಹಾಕಬೇಡಿ.

ಸಾವಿರ ಲೀಟರ್ ನೀರನ್ನು ಸಾವಿರ ಅಡಿ, ಅಂದರೆ 305 ಮೀಟರ್ ಮೇಲೆತ್ತಲು ಬೇಕಾದ ಬರೀ ಶಕ್ತಿಯೇ 0.83 ಯೂನಿಟ್. ಸಬ್‌ಮರ್ಸಿಬಲ್ ಮೋಟಾರು, ಪಂಪು ಎರಡೂ ಸೇರಿ ಶೇ 40ರಷ್ಟು ಕೆಲಸ ಕೊಟ್ಟರೆ ಅದು 2 ಯೂನಿಟ್ ಆಗುತ್ತದೆ. 7.5 ಎಚ್‌ಪಿ ಪಂಪಿಗೆ ಸುಮಾರು 7 ಕಿಲೋವಾಟ್ ಪ್ಯಾನೆಲ್ ಬರುತ್ತದೆ, ಮೋಡವಿಲ್ಲದ ದಿನ 28 ಯೂನಿಟ್ ಆಸುಪಾಸು ಸಿಗುತ್ತದೆ. ಭಾಗಿಸಿ ನೋಡಿದರೆ ದಿನಕ್ಕೆ 14,000 ಲೀಟರ್. ಒಂದು ಎಕರೆ ಟೊಮೆಟೊಗೆ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ನೀರು ಅಂತ ಹಿಡಿದರೂ 16,000 ಲೀಟರ್ ಬೇಕು. ಎರಡು ಎಕರೆ ದೂರದ ಮಾತು, ಒಂದಕ್ಕೇ ಸಾಲದು. ಅದೇ ಮೋಟಾರು ಬೆಸ್ಕಾಂ ಲೈನಿನ ಮೇಲೆ 7 ತಾಸು ತ್ರೀಫೇಸ್‌ನಲ್ಲಿ ಓಡಿದರೆ, ವೋಲ್ಟೇಜ್ ಕೈಕೊಡದಿದ್ದರೆ, 24,000 ಲೀಟರ್ ಎತ್ತುತ್ತದೆ.

ಆ 14,000ವೂ ಕಾಗದದ ಮೇಲಿನ ಲೆಕ್ಕ. ಪಂಪಿನ ಎತ್ತುವ ತಾಕತ್ತು ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಬಿಸಿಲು ಕಡಿಮೆಯಾಗಿ ವೇಗ ಶೇ 80ಕ್ಕೆ ಬಂದರೆ, ಎತ್ತುವ ಎತ್ತರ ಶೇ 64ಕ್ಕೆ ಕುಸಿಯುತ್ತದೆ. ಹಾಗಾಗಿ ಆಳದ ಬೋರಿನಲ್ಲಿ ಬೆಳಿಗ್ಗೆಯೂ ಇಳಿಹೊತ್ತಿನಲ್ಲೂ ಮೋಟಾರು ತಿರುಗುತ್ತಿರುತ್ತದೆ, ಪೈಪಿನ ಬಾಯಿಗೆ ನೀರೇ ಬರುವುದಿಲ್ಲ. ಪಂಪ್ ಕೆಟ್ಟಿದೆ ಎಂದು ಪೈಪೆಲ್ಲ ಮೇಲೆತ್ತಿಸಿ ನೋಡುವ ಮೊದಲು ಇದನ್ನು ನೆನಪಿಡಿ.

ಒಂದು ಸಮಾಧಾನವಿದೆ. ಈ ಲೆಕ್ಕಕ್ಕೆ ಹಿಡಿಯಬೇಕಾದ್ದು ಬೋರಿನ ಆಳವಲ್ಲ, ಪಂಪ್ ಓಡುವಾಗ ನೀರು ನಿಲ್ಲುವ ಮಟ್ಟ. 1,200 ಅಡಿ ಕೊರೆದ ಬೋರಿನಲ್ಲಿ ನೀರು 300 ಅಡಿಯಲ್ಲಿ ನಿಂತರೆ ಎತ್ತುವುದು 300 ಅಡಿಯಷ್ಟೇ, ಆಗ ಅದೇ 7.5 ಎಚ್‌ಪಿಗೆ ತಕ್ಕ ಪಂಪು ದಿನಕ್ಕೆ 45,000 ಲೀಟರ್ ಕೊಡುತ್ತದೆ, ಬೋರಿನಲ್ಲಿ ಅಷ್ಟು ನೀರು ಊರುವುದಾದರೆ. ಮಟ್ಟ ಅಳೆಸುವುದಾದರೆ ಏಪ್ರಿಲ್‌ನಲ್ಲಿ, ಎರಡು ತಾಸು ನೀರು ಎತ್ತಿದ ಮೇಲೆ ಅಳೆಸಿ. ಮಳೆಗಾಲದ ಅಳತೆ ನಂಬಿ ಹಾಕಿಸಿದ ಪಂಪು ಬೇಸಿಗೆಯಲ್ಲಿ ಕೈಕೊಡುತ್ತದೆ.

ರೈತರಿಗೆ ಸೋಲಾರ್ ಕೊಡುವ ಕೇಂದ್ರದ ಯೋಜನೆ ಪಿಎಂ-ಕುಸುಮ್. ಅದರಲ್ಲಿ ಸೋಲಾರ್ ಪಂಪ್‌ಗೆ ಸಹಾಯಧನ ಕೊಡುವ ಬಿ ವಿಭಾಗದಲ್ಲಿ ಕೇಂದ್ರದ ಪಾಲು ಶೇ 30, ಕರ್ನಾಟಕದ್ದು ಶೇ 50, ರೈತರದ್ದು ಶೇ 20. ಕೇಂದ್ರದ ನೆರವು 7.5 ಎಚ್‌ಪಿಯ ಮಿತಿಗೆ. ಈ ಯೋಜನೆ ಮೂಲತಃ ಲೈನ್ ಇಲ್ಲದ ಜಮೀನಿಗೆ. ಟ್ರಾನ್ಸ್‌ಫಾರ್ಮರ್ ದೂರವಿದ್ದು ಕಂಬ, ತಂತಿಗೆ ಕಾಯುವವರಿಗೆ ಇದು ಒಳ್ಳೆಯ ದಾರಿ. ಆರ್.ಆರ್. ನಂಬರ್ (ಬೆಸ್ಕಾಂ ಸಂಪರ್ಕದ ಸಂಖ್ಯೆ) ಇರುವ ನಿಮ್ಮಂಥವರು ಲೈನ್ ಬಿಟ್ಟುಕೊಡುವುದು ನಮ್ಮ ದೃಷ್ಟಿಯಲ್ಲಿ ತಪ್ಪು.

ಹಾಕಿಸುವವರು ಗಮನಿಸಬೇಕಾದ್ದು: ಪ್ಯಾನೆಲ್‌ಗಳು ಸರಪಳಿಯಂತೆ ಜೋಡಿಸಿರುತ್ತವೆ, ತೆಂಗಿನ ಒಂದು ಗರಿಯ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲಿನ ಕರೆಂಟು ಕುಗ್ಗುತ್ತದೆ. ಧೂಳು ಒರೆಸುವುದು ಬೆಳಗಿನ ತಂಪಿನಲ್ಲಿ, ಮಳೆನೀರಿದ್ದರೆ ಅದರಲ್ಲಿ. ನಮ್ಮ ಕಡೆಯ ಗಡಸು ಬೋರ್ ನೀರು ಗಾಜಿನ ಮೇಲೆ ಬಿಳಿ ಕಲೆ ಕೂರಿಸುತ್ತದೆ, ಅದನ್ನು ಉಜ್ಜಿ ತೆಗೆಯಲು ಹೋದರೆ ಗಾಜಿಗೇ ಗೀರು. ಬೋರ್ ಬತ್ತಿದಾಗ ತಾನಾಗಿ ನಿಲ್ಲುವ ಡ್ರೈ-ರನ್ ರಕ್ಷಣೆಯನ್ನು ಕಂಟ್ರೋಲರ್‌ನಲ್ಲಿ ಆನ್ ಮಾಡಿಸಿ, ನಿಮ್ಮೆದುರೇ ಪರೀಕ್ಷಿಸಿ. ಐದು ವರ್ಷದ ನಿರ್ವಹಣೆ, ವಿಮೆ ಬೆಲೆಯಲ್ಲೇ ಸೇರಿದೆ, ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ನಿಮ್ಮಂಥವರಿಗೆ ಹೆಚ್ಚು ಉಪಯೋಗವಾಗುವುದು ಅದೇ ಯೋಜನೆಯ ಇನ್ನೊಂದು ವಿಭಾಗ, ಕುಸುಮ್ ಸಿ. ಸಬ್‌ಸ್ಟೇಷನ್ ಪಕ್ಕ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಕರೆಂಟ್ ಕೊಡುವುದು. ನೀವು ಒಂದು ಪೈಸೆ ಹಾಕಬೇಕಿಲ್ಲ, ಮೋಟಾರು ಬದಲಿಸಬೇಕಿಲ್ಲ, ಉಚಿತ ಕರೆಂಟ್ ಹಾಗೇ ಇರುತ್ತದೆ. ಸಿಗುವ ಲಾಭ ಹಗಲು ಹೊತ್ತಿನ ತ್ರೀಫೇಸ್. ಮಧ್ಯರಾತ್ರಿ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗುವುದು, ಹಾವಿಗೆ ಹೆದರುತ್ತಾ ಬದುವಿನ ಮೇಲೆ ನಡೆಯುವುದು ತಪ್ಪುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕ 2025ರಲ್ಲಿ ಶುರುವಾಗಿದೆ. ನಿಮ್ಮ ಫೀಡರ್ ಪಟ್ಟಿಯಲ್ಲಿದೆಯೇ ಎಂದು ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಒಂದು ಮೆಗಾವಾಟ್‌ಗೆ ಸುಮಾರು 4 ಎಕರೆ ಬೇಕಾದ್ದರಿಂದ ಜಮೀನು ಗುತ್ತಿಗೆಗೆ ಕೇಳಿಕೊಂಡೂ ಜನ ಬರುತ್ತಾರೆ. ಆಗ ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನ ಲೆಕ್ಕ ಮುಂದಿಟ್ಟುಕೊಳ್ಳಿ. ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಎದ್ದಾಗ ರೈತರಿಗೆ ಕೊಟ್ಟದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆಯಿಲ್ಲದೆ ಶೇಂಗಾ ಒಣಗುತ್ತಿದ್ದ ನೆಲಕ್ಕೆ ಅದು ದೊಡ್ಡ ಮೊತ್ತವೇ. ಆದರೆ 20 ವರ್ಷ ಕಳೆದಾಗ ಆ ಬಾಡಿಗೆ 34,200 ಆಗಿರುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದ್ದರೆ ಮೊದಲ ವರ್ಷದ 21,000ಕ್ಕೆ ಸಮವಾಗಲು ಬೇಕಾದ್ದು 55,700. ಆದ್ದರಿಂದ ಕರಾರಿನಲ್ಲಿ ಏರಿಕೆಯನ್ನು ವರ್ಷಕ್ಕೊಮ್ಮೆ ಕೇಳಿ. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುಡ ಕಿತ್ತು, ಬದು ಮೊದಲಿನಂತೆ ಹಾಕಿಕೊಡುವ ಖರ್ಚು ಯಾರದ್ದು ಎಂಬುದನ್ನೂ ಬರೆಸಿ. ಪಹಣಿಯಲ್ಲಿ ಹೆಸರಿಲ್ಲದೆ ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ, ಉಳುತ್ತಿದ್ದವರಿಗೆ, ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಾವಗಡದಲ್ಲಿ ಗುತ್ತಿಗೆ ಹಣ ಬರಲಿಲ್ಲ. ನಿಮ್ಮ ಜಮೀನನ್ನು ಬೇರೆಯವರು ವಾರಕ್ಕೆ ಮಾಡುತ್ತಿದ್ದರೆ, ಸಹಿಗೆ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ.