ಚಂದ್ರನೇ ಉಪಗ್ರಹ, ಮತ್ತೆ ಅದರ ಮೇಲೆ 'ಸ್ಯಾಟಲೈಟ್ ಕ್ರೇಟರ್' ಅಂದ್ರೇನು?

ಓದುಗರ ಪ್ರಶ್ನೆ: ಚಂದ್ರನ ಬಗ್ಗೆ ಇಂಗ್ಲಿಷ್‌ನಲ್ಲಿ ಓದುವಾಗ 'ಸ್ಯಾಟಲೈಟ್ ಕ್ರೇಟರ್' ಅನ್ನೋ ಮಾತು ಸಿಕ್ಕಿತು. ಸ್ಯಾಟಲೈಟ್ ಅಂದ್ರೆ ಉಪಗ್ರಹ ಅಲ್ವಾ? ಹಾಗಾದ್ರೆ ಇದು ಉಪಗ್ರಹ ಬಿದ್ದು ಆದ ಗುಂಡಿಯಾ?

ಯಾವ ಉಪಗ್ರಹವೂ ಬಿದ್ದಿಲ್ಲ. ಸ್ವಂತ ಹೆಸರಿಲ್ಲದ ಕುಳಿಯೊಂದು ಪಕ್ಕದ ಕುಳಿಯ ಹೆಸರಿಗೆ ಒಂದು ಅಕ್ಷರ ಸೇರಿಸಿಕೊಂಡು ತನ್ನ ಗುರುತು ಹೇಳಿಕೊಳ್ಳುತ್ತದೆ. ಮೋಸ್ಟಿಂಗ್ ಅನ್ನೋ ಕುಳಿಯ ಹತ್ತಿರದ್ದು ಮೋಸ್ಟಿಂಗ್ ಎ. ಬೆಸೆಲ್ ಹತ್ತಿರದ್ದು ಬೆಸೆಲ್ ಡಿ. ಇಂಥದ್ದನ್ನೇ ಇಂಗ್ಲಿಷ್‌ನಲ್ಲಿ ಸ್ಯಾಟಲೈಟ್ ಕ್ರೇಟರ್ ಅನ್ನುತ್ತಾರೆ.

ಗೊಂದಲ ಹುಟ್ಟಿದ್ದು ನಮ್ಮ ಅನುವಾದದಿಂದ. ಸ್ಯಾಟಲೈಟ್ ಪದದ ಲ್ಯಾಟಿನ್ ಮೂಲಕ್ಕೆ ದೊಡ್ಡವರ ಜೊತೆ ಸದಾ ಇರುವ ಕಾವಲಿನವನು, ಹಿಂಬಾಲಕ ಅನ್ನೋ ಅರ್ಥ. ಗುರು ಗ್ರಹದ ಸುತ್ತ ತಿರುಗುವ ಚಂದ್ರರಿಗೆ ಈ ಪದ ಹಚ್ಚಿದವನು ಖಗೋಳಜ್ಞ ಕೆಪ್ಲರ್, 17ನೇ ಶತಮಾನದ ಆರಂಭದಲ್ಲಿ. ಕನ್ನಡಕ್ಕೆ ಬಂದಿದ್ದು ಆ ಆಕಾಶದ ಅರ್ಥ ಮಾತ್ರ. ಕುಳಿಯ ವಿಷಯದಲ್ಲಿ ಹಳೆಯ ಅರ್ಥವೇ ಉಳಿದಿದೆ: ಜೊತೆಗಾರ.

ಅಕ್ಷರ ಹಚ್ಚುವ ಪದ್ಧತಿಯನ್ನು ನೆಲೆಗೊಳಿಸಿದವರು ಜರ್ಮನಿಯ ಖಗೋಳಜ್ಞರಾದ ಬೇರ್ ಮತ್ತು ಮ್ಯಾಡ್ಲರ್. 1834ರಿಂದ 1836ರ ನಡುವೆ ಅವರ ಚಂದ್ರನ ನಕ್ಷೆ ನಾಲ್ಕು ಭಾಗಗಳಲ್ಲಿ ಹೊರಬಂತು. ದೊಡ್ಡ ಕುಳಿಗಳಿಗೆ ಆಗಲೇ ವಿದ್ವಾಂಸರ ಹೆಸರಿದ್ದವು. ಸಣ್ಣವು ಲೆಕ್ಕವಿಲ್ಲದಷ್ಟು. ಎಲ್ಲಕ್ಕೂ ಹೆಸರು ಎಲ್ಲಿಂದ ತರೋದು? ಕುಳಿಗಳಿಗೆ ರೋಮನ್ ದೊಡ್ಡಕ್ಷರ, ಗುಡ್ಡಗಳಿಗೆ ಗ್ರೀಕ್ ಅಕ್ಷರ ಅಂತ ಮಾಡಿಕೊಂಡರು. 1935ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಚಂದ್ರನ ಹೆಸರುಗಳ ಅಧಿಕೃತ ಪಟ್ಟಿ ತಂದಿತು. ಈಗ ಹೀಗೆ ಅಕ್ಷರ ಹೊತ್ತ ಕುಳಿಗಳು ಸುಮಾರು 7 ಸಾವಿರ ಇವೆ.

ನಕ್ಷೆಯಲ್ಲಿ ಪೂರ್ತಿ ಹೆಸರು ಇರೋದಿಲ್ಲ, ಬರೀ ಅಕ್ಷರ ಇರುತ್ತದೆ. ಅದು ಯಾರ ಜೊತೆಗಾರ ಅಂತ ತಿಳಿಯೋದು ಹೇಗೆ? ಅಕ್ಷರ ಕುಳಿಯ ಯಾವ ಬದಿಯಲ್ಲಿದೆ ನೋಡಿ. ಮುಖ್ಯ ಕುಳಿ ಇರುವ ಕಡೆಗೇ ಅದನ್ನು ಬರೆದಿರುತ್ತಾರೆ.

ನಮಗೆ ಕಾಣದ ಆಚೆ ಬದಿಯ ಪದ್ಧತಿ ಇನ್ನೂ ಸೊಗಸು. ಅಲ್ಲಿ ಅಕ್ಷರವೇ ದಿಕ್ಕು ಹೇಳುತ್ತದೆ. ಐ ಮತ್ತು ಓ ಬಿಟ್ಟರೆ ಉಳಿಯುವುದು 24 ಅಕ್ಷರ. ಅವನ್ನು ಮುಖ್ಯ ಕುಳಿಯ ಸುತ್ತ ಗಡಿಯಾರದಂತೆ ಜೋಡಿಸಿದ್ದಾರೆ. ಝಡ್ ಅಂದ್ರೆ ಉತ್ತರ, ಎಫ್ ಪೂರ್ವ, ಎಂ ದಕ್ಷಿಣ, ಟಿ ಪಶ್ಚಿಮ. ಪಾಶ್ಚರ್ ಟಿ ಅಂತ ಕಂಡರೆ ಪಾಶ್ಚರ್ ಕುಳಿಯಿಂದ ಪಶ್ಚಿಮಕ್ಕೆ ಹುಡುಕಿದರಾಯಿತು. ಈಚೆ ಬದಿಯಲ್ಲಿ ಈ ಲೆಕ್ಕ ನಡೆಯೋದಿಲ್ಲ, ಅಲ್ಲಿಯದು ಹಳೇ ಕಾಲದ ಏರ್ಪಾಡು.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. 'ಸೆಕೆಂಡರಿ ಕ್ರೇಟರ್' ಅಂತಲೂ ಒಂದು ಪದ ಇದೆ. ಉಲ್ಕೆ ಅಪ್ಪಳಿಸಿ ದೊಡ್ಡ ಕುಳಿ ಆಗುವಾಗ ಕಲ್ಲುಮಣ್ಣು ಎಗರಿ ದೂರ ಬೀಳುತ್ತದೆ. ಅವು ಬಿದ್ದ ಕಡೆ ಆಗುವ ಸಣ್ಣ ಗುಂಡಿಗಳೇ ಸೆಕೆಂಡರಿ. ಕೋಪರ್ನಿಕಸ್ ಕುಳಿಯ ಸುತ್ತ ಇಂಥವು ಸಾಲುಸಾಲಾಗಿವೆ. ಅದು ಹುಟ್ಟಿನ ಸಂಬಂಧ. ಸ್ಯಾಟಲೈಟ್ ಅನ್ನೋದು ಬರೀ ವಿಳಾಸದ ಸಂಬಂಧ. ಮೋಸ್ಟಿಂಗ್ ಎ ಕುಳಿಯನ್ನೇ ನೋಡಿ. ಅದು ಕೂತಿರೋದು ಫ್ಲಮಾರಿಯೋನ್ ಅನ್ನೋ ಬೇರೊಂದು ಕುಳಿಯ ಅಂಚಿನ ಮೇಲೆ! ಹೆಸರು ಮಾತ್ರ ಮೋಸ್ಟಿಂಗ್‌ದು. ಚಂದ್ರನ ಮೇಲೆ ಅಕ್ಷಾಂಶ, ರೇಖಾಂಶ ಅಳೆಯಲು ಖಗೋಳಜ್ಞರು ಬಹಳ ಕಾಲ ಆಧಾರವಾಗಿಟ್ಟುಕೊಂಡದ್ದು ಈ ಪುಟ್ಟ ಕುಳಿಯನ್ನೇ, ಮೋಸ್ಟಿಂಗ್ ಅನ್ನಲ್ಲ.

ಜೊತೆಗಾರ ಕುಳಿಗೆ ಬಡ್ತಿ ಸಿಗುವುದೂ ಉಂಟು. ಸೇಬಿನ್ ಬಿ, ಡಿ, ಇ ಅಂತಿದ್ದ ಮೂರು ಕುಳಿಗಳು ಅಪೊಲೊ 11 ಇಳಿದ ಜಾಗದ ಹತ್ತಿರ ಇವೆ. 1970ರಲ್ಲಿ ಅವು ಆ ಯಾನದ ಮೂವರ ಹೆಸರಲ್ಲಿ ಆಲ್ಡ್ರಿನ್, ಕಾಲಿನ್ಸ್, ಆರ್ಮ್‌ಸ್ಟ್ರಾಂಗ್ ಆದವು. ಬೆಸೆಲ್ ಎ ಈಗ ನಮ್ಮ ವಿಜ್ಞಾನಿ ವಿಕ್ರಂ ಸಾರಾಭಾಯ್ ಹೆಸರಲ್ಲಿ ಸಾರಾಭಾಯ್. ಮೇಲೆ ಹೇಳಿದ ಪಾಶ್ಚರ್ ಟಿ ಕೂಡ 2018ರಿಂದ ಆಂಡರ್ಸ್ ಅರ್ಥ್‌ರೈಸ್. ಅಪೊಲೊ 8 ನೌಕೆಯಿಂದ ಗಗನಯಾತ್ರಿ ಆಂಡರ್ಸ್ ತೆಗೆದ ಭೂಮಿ ಮೂಡುವ ಫೋಟೋದಲ್ಲಿ ಆ ಕುಳಿ ಕಾಣುತ್ತದೆ, ಅದಕ್ಕೇ ಆ ಹೆಸರು. ಹಾಗಾಗಿ ಹಳೇ ನಕ್ಷೆಯಲ್ಲಿ ಪಾಶ್ಚರ್ ಟಿ ಅಂತ ಇದ್ದು ಹೊಸದರಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ.

ಕನ್ನಡದಲ್ಲಿ ಏನನ್ನೋಣ? 'ಉಪಗ್ರಹ ಕುಳಿ' ಅಂತೂ ಬೇಡ. ನಾನು ಜೊತೆಕುಳಿ ಅಂತ ಬರೆಯುತ್ತೇನೆ. ನಿಮಗೆ ಇದಕ್ಕಿಂತ ಚೆನ್ನಾದ ಪದ ಹೊಳೆದರೆ ಅದನ್ನೇ ಬಳಸಿ.