ಯೂಟ್ಯೂಬ್ ತಡವರಿಸುತ್ತೆ, ಜಿಟಿ 710 ಹಾಕಿಸಿದರೆ ಸರಿಹೋಗುತ್ತಾ?

ಪ್ರಶ್ನೆ: ಮನೆಯಲ್ಲಿ ನಾಲ್ಕನೇ ಜನರೇಷನ್ ಐ5 ಇರುವ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಇದೆ, 8 ಜಿಬಿ ರ್‍ಯಾಮ್. ಯೂಟ್ಯೂಬ್‌ನಲ್ಲಿ 4ಕೆ ವಿಡಿಯೊ ನಿಂತು ನಿಂತು ಓಡುತ್ತೆ. ಅಂಗಡಿಯವರು 2 ಜಿಬಿ ಮೆಮೊರಿಯ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂತಾರೆ. ಹಾಕಿಸಬಹುದಾ?

ಬೇಡ. ಆ ಕಾರ್ಡ್ ಹಾಕಿಸಿದರೂ ವಿಡಿಯೊ ಹಾಗೇ ನಿಲ್ಲುತ್ತೆ.

ಓಡುತ್ತಿರುವ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ಕೋಡೆಕ್ಸ್ ಎಂಬ ಸಾಲಿನಲ್ಲಿ ವಿಪಿ09 ಅಥವಾ ಎವಿ01 ಅಂತ ಕಾಣುತ್ತೆ. ಇವು ವಿಡಿಯೊವನ್ನು ಕುಗ್ಗಿಸಿ ಕಳಿಸುವ ವಿಪಿ9, ಎವಿ1 ಎಂಬ ರೂಪಗಳು. ಯೂಟ್ಯೂಬ್ 4ಕೆ ವಿಡಿಯೊ ಕೊಡುವುದೇ ಈ ಎರಡು ರೂಪದಲ್ಲಿ. ನಿಮ್ಮ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಇವನ್ನು ಬಿಡಿಸಿ (ಡಿಕೋಡ್ ಮಾಡಿ) ತೋರಿಸಲೆಂದೇ ಮಾಡಿದ ಸರ್ಕ್ಯೂಟ್ ಇಲ್ಲ, ಭಾರವೆಲ್ಲ ಪ್ರೊಸೆಸರ್ ತಲೆಗೇ ಬೀಳುತ್ತೆ. ಜಿಟಿ 710ರಲ್ಲೂ ಆ ಸರ್ಕ್ಯೂಟ್ ಇಲ್ಲ. ಡಬ್ಬದ ಮೇಲೆ ದಪ್ಪಗೆ ಬರೆದ 2 ಜಿಬಿ ನೋಡಿ ಮೋಸ ಹೋಗಬೇಡಿ, ಈ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾನಿಟರ್ 1080ಪಿ ಆಗಿದ್ದರೆ ದುಡ್ಡು ಉಳಿಸಿ. ಬ್ರೌಸರ್‌ಗೆ ಎಚ್264ಐಫೈ ಎಂಬ ಉಚಿತ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೆಯ ಎಚ್.264 ರೂಪದಲ್ಲೇ ವಿಡಿಯೊ ಕಳಿಸುತ್ತೆ, 1080ಪಿವರೆಗೆ ಮಾತ್ರ. ಅದನ್ನು ನಿಮ್ಮ ಐ5 ಲೀಲಾಜಾಲವಾಗಿ ಓಡಿಸುತ್ತೆ. ಕಂಪ್ಯೂಟರೇ ಒಟ್ಟಾರೆ ಮಂದ ಅನಿಸಿದರೆ ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ.

4ಕೆ ಮಾನಿಟರ್ ಇದ್ದು ಕಾರ್ಡ್ ಬೇಕೇ ಬೇಕು ಅಂದರೆ ಜಿಟಿ 1030 ನೋಡಿ. 30 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ. ವಿಪಿ9 ಬಿಡಿಸುತ್ತೆ, ಎವಿ1 ಬಿಡಿಸಲ್ಲ. 2017ರ ಕಾರ್ಡ್, ಹೊಸ ಗೇಮ್ ಡ್ರೈವರ್‌ಗಳು 2025ಕ್ಕೇ ನಿಂತವು. ವಿಡಿಯೊ ನೋಡುವವರಿಗೆ ಅದರಿಂದ ನಷ್ಟವಿಲ್ಲ. ಆದರೆ ಇದೇ ಹೆಸರಿನಲ್ಲಿ ಎರಡು ಕಾರ್ಡ್ ಮಾರುಕಟ್ಟೆಯಲ್ಲಿವೆ. ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಡಿಡಿಆರ್4 ಮೆಮೊರಿಯದು 17 ಜಿಬಿಯನ್ನೂ ಮುಟ್ಟಲ್ಲ. ಮಕ್ಕಳು ಸಣ್ಣಪುಟ್ಟ ಗೇಮ್ ಆಡುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಬಿಲ್ ಹಾಕಿಸುವ ಮೊದಲು ಡಬ್ಬದ ಪಕ್ಕದ ಸ್ಟಿಕರ್ ಓದಿ.

ಬಜೆಟ್ ಜಾಸ್ತಿ ಮಾಡಿ ಆರ್‌ಎಕ್ಸ್ 6400 ಕೊಳ್ಳುವ ಆಸೆ ಇದ್ದರೆ ಒಂದು ವಿಷಯ: ಅದು ಬೋರ್ಡಿನೊಂದಿಗೆ ಡೇಟಾ ಸಾಗಿಸಲು ನಾಲ್ಕೇ ಪಿಸಿಐ ಲೇನ್ (ದಾರಿ) ಬಳಸುವ ಕಾರ್ಡ್. ನಿಮ್ಮ ಹಳೆ ಬೋರ್ಡಿನಲ್ಲಿರುವುದು ಹೆಚ್ಚೆಂದರೆ ಪಿಸಿಐ 3.0 ಎಂಬ ಹಳೆ, ನಿಧಾನದ ಸ್ಲಾಟ್, ಹೀಗಾಗಿ ಗೇಮ್‌ನಲ್ಲಿ ವೇಗ ಬೀಳುತ್ತೆ. ಅದಕ್ಕೂ ಎವಿ1 ಬರಲ್ಲ.

ಎಸ್‌.ಪಿ. ರಸ್ತೆಯಲ್ಲೋ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಆನ್‌ಲೈನಲ್ಲೋ ಜಿಟಿಎಕ್ಸ್ 1050 ಟಿಐ ನಂಬಲಾರದಷ್ಟು ಅಗ್ಗಕ್ಕೆ ಸಿಕ್ಕರೆ ಹಿಂಬದಿ ನೋಡಿ. ನೀಲಿ ವಿಜಿಎ ಪೋರ್ಟ್ ಇದೆಯಾ? ಆ ಚಿಪ್‌ನಲ್ಲಿ ವಿಜಿಎ ಸಿಗ್ನಲ್ಲೇ ಇಲ್ಲ. ಹಳೆ ಚಿಪ್‌ಗೆ ಹೊಸ ಹೆಸರು ಬರೆದು ಮಾರುವ ಕಾರ್ಡ್ ಅದು ಎಂದೇ ಅನುಮಾನಿಸಿ. ಜಿಪಿಯು-ಜೆಡ್ ಎಂಬ, ಕಾರ್ಡಿನ ನಿಜವಾದ ವಿವರ ತೋರಿಸುವ ಉಚಿತ ತಂತ್ರಾಂಶ ಅಲ್ಲೇ ಓಡಿಸಿ ತೋರಿಸಲು ಹೇಳಿ. ಇಂಥ ಹಲವು ಕಾರ್ಡ್‌ಗಳನ್ನು ಅದು ನಕಲಿ ಎಂದೇ ತೋರಿಸುತ್ತೆ.

ಆಫೀಸಿನಿಂದ ಬಂದ ತೆಳು ಕ್ಯಾಬಿನೆಟ್ ಆಗಿದ್ದರೆ ಅರ್ಧ ಎತ್ತರದ ಕಾರ್ಡೇ ಬೇಕು, ಡಬ್ಬದಲ್ಲಿ ಗಿಡ್ಡ ತಗಡಿನ ಪಟ್ಟಿ ಇದೆಯೇ ನೋಡಿ. ಪಟ್ಟಿ ಬದಲಿಸುವಾಗ ಡಿವಿಐ ಪೋರ್ಟಿನ ಅಕ್ಕಪಕ್ಕದ ಎರಡು ಆರು ಮೂಲೆಯ ನಟ್ಟುಗಳನ್ನೂ ಬಿಚ್ಚಬೇಕು, ಸಣ್ಣ ಇಕ್ಕಳ ಸಾಕು. ಕಾರ್ಡ್ ಕೂರಿಸಿದ ಮೇಲೂ ಪರದೆ ಕಪ್ಪಗಿದ್ದರೆ ಅಂಗಡಿಗೆ ಓಡುವ ಮೊದಲು ಕೇಬಲ್ ನೋಡಿ. ಅದು ಬಹಳ ಸಲ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಸಿಕ್ಕಿಸಿಕೊಂಡಿರುತ್ತೆ.